ಮುಚ್ಚಳದ ಹನಿ

ಹಿನೋಕುರಾ
ಅಕ್ಟೋಬರ್ ೨೮

ಪ್ರೀತಿಯ ಮಿಸಾವೊ ಅಕ್ಕ,

ನೀನೂ ಭಾವನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಎರಡು ದಿನಕ್ಕೆಂದು ಹೊರಟವಳು ಒಂಬತ್ತು ದಿನವಾದರೂ ಸುದ್ದಿಯಿಲ್ಲ, ಬೈದುಕೊಂಡಿರುತ್ತೀಯ. ಬೈದುಕೋ. ನಾಲ್ಕು ಸಲ ಬರೆಯಲು ಕೂತೆ, ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಎದ್ದುಬಿಟ್ಟೆ. ಈಗಲೂ ತಿಳಿದಿಲ್ಲ.

ನಾವು ಮಾತಾಡಿಕೊಂಡಿದ್ದೇನು? ನಮ್ಮವರ ಅಸ್ಥಿಯನ್ನು ಅವರ ಮನೆತನದ ಸಮಾಧಿಯಲ್ಲಿಡುವುದು, ಅತ್ತೆ ಬಾಗಿಲಲ್ಲೇ ತಡೆದರೆ ಜಗಳವಾಡದೆ ವಾಪಸಾಗುವುದು. ಮದುವೆಯಾದ ಈ ಮೂವತ್ತೆಂಟು ವರ್ಷವೂ ಅವರು ಹೇಳಿದ್ದು ಒಂದೇ ಮಾತು: "ಅಮ್ಮ ನಿನ್ನನ್ನ ಹೊಸಿಲು ದಾಟಕ್ಕೆ ಬಿಡಲ್ಲ." ಆಗಸ್ಟಿನಲ್ಲಿ ಹಿರಿಯರ ಹಬ್ಬಕ್ಕೆ ಅವರೊಬ್ಬರೇ ಹೋಗಿಬರುತ್ತಿದ್ದರು.

ಬಸ್ಸಿಳಿದೆ. ಪಕ್ಕದ ಮನೆಯ ಹತ್ಸು ಮೂಲಂಗಿ ತೊಳೆಯುತ್ತಿದ್ದಳು. ನನ್ನ ಕೈಯಲ್ಲಿದ್ದ ಅಸ್ಥಿಯ ಬಿಳಿ ಬಟ್ಟೆಯ ಗಂಟು ನೋಡಿದ್ದೇ ಅವಳ ಕೈ ನಿಂತಿತು.

"ಅಯ್ಯೋ, ನಮ್ ತಕುಜೊನಾ?" ತಲೆಗೆ ಕಟ್ಟಿದ್ದ ಹೂವಿನ ಚಿತ್ತಾರದ ಚೌಕ ಬಿಚ್ಚಿ ಗಂಟಿನ ಮೇಲೆ ಹೊದಿಸಿದಳು. "ಇದನ್ನ ಹಿಂಗೆ ಹಿಡ್ಕೊಂಡು ಒಳಗೆ ಹೋಗ್ಬೇಡ ಕಣೆ. ಅಜ್ಜಿ ಬೆಳಿಗ್ಗೆ ತಾನೇ ಅವನಿಗೆ ಬಡಿಸಿದಾಳೆ. ಹೇಳೋದಾದ್ರೆ ನೀನೇ ಹೇಳು. ಈ ಊರಲ್ಲಿ ಆ ಬಾಯಿ ಯಾರಿಗೂ ಇಲ್ಲ."

ನನಗೊಂದೂ ಅರ್ಥವಾಗಲಿಲ್ಲ. ಅವರು ತೀರಿಕೊಂಡ ವಾರವೇ ಅತ್ತೆಗೆ ಪತ್ರ ಹಾಕಿದ್ದೆನಲ್ಲ!

ಅತ್ತೆಗೆ ತೊಂಬತ್ತೊಂದು. ಬೆನ್ನು ಬಾಗಿ ಮೂಗು ಮೊಣಕಾಲಿಗೆ ತಾಗುವಂತಿದೆ, ಕಣ್ಣು ಅಷ್ಟಕ್ಕಷ್ಟೆ. ನಾನು ಹೆಸರು ಹೇಳಿದ್ದಕ್ಕೆ, ಗದ್ದೆಗೆ ಹೋಗಿ ಬಂದವಳನ್ನು ಕೇಳುವ ಹಾಗೆ "ಬಂದ್ಯಾ?" ಅಂದರು. ತಡೆಯಲಿಲ್ಲ, ಬೈಯಲಿಲ್ಲ. ಒಲೆಗುಂಡಿಯ ಪಕ್ಕ ಕೂರಿಸಿ ಬೆನ್ನು ಸವರಿದರು.

"ಉಸಿರು ಕಟ್ಟಲಿಲ್ವೇನೇ? ಬೆಟ್ಟದ ಗಾಳಿ ನಿಂಗೆ ಆಗಲ್ವಂತಲ್ಲ. ಎಷ್ಟು ಸಲ ಹೇಳ್ದೆ ಅವನಿಗೆ, ಹೊತ್ಕೊಂಡಾದ್ರೂ ಬಾ ಅಂತ."

ನಿನ್ನ ತಂಗಿಗೆ ಬೆಟ್ಟದ ಗಾಳಿ ಆಗುವುದಿಲ್ಲವಂತೆ, ಕೇಳಿದೆಯಾ ಅಕ್ಕ?

ಒಲೆಗುಂಡಿಯ ಆಚೆ ಎರಡು ಪುಟ್ಟ ಮಣೆಗಳ ಮೇಲೆ ಊಟ ಬಡಿಸಿತ್ತು. ಅನ್ನ, ಸಾರು, ಉಪ್ಪಿನ ಸೊಪ್ಪು. ತಿನ್ನುವವರು ಯಾರೂ ಇಲ್ಲ. ದೂರದಲ್ಲಿರುವ ಮನೆಯವರು ಹಸಿದಿರಬಾರದೆಂದು ಹೀಗೆ ಬಡಿಸುತ್ತಾರೆ. ನಮ್ಮಜ್ಜಿಯೂ ಯುದ್ಧಕ್ಕೆ ಹೋದ ಚಿಕ್ಕಜ್ಜನಿಗೆ ಬಡಿಸುತ್ತಿದ್ದಳಂತಲ್ಲ. ಅನ್ನದ ಬಟ್ಟಲಿನ ಮುಚ್ಚಳ ತೆಗೆದಾಗ ಒಳಗೆ ನೀರಹನಿ ಕೂತಿದ್ದರೆ ಅವರು ಕ್ಷೇಮ. ಸತ್ತವರಿಗೆ ಹೀಗೆ ಬಡಿಸುವುದಿಲ್ಲ.

ಅತ್ತೆ ಒಂದು ಮಣೆಯನ್ನು ನನ್ನ ಮುಂದಕ್ಕೆ ಎಳೆದರು. "ಇದು ನಿಂದು. ಮದ್ವೆಯಾದ ವರ್ಷದಿಂದ ಇಡ್ತಿದೀನಿ. ಇವತ್ತು ನೀನೇ ತಿನ್ನು."

ಕೆಂಪು ಹೂವಿನ ಬಟ್ಟಲು, ಅಂಚು ಸವೆದಿದೆ. ನಾನು ತಿಂದೆ. ಕೊನೆಯ ಅಗುಳನ್ನೂ ಬಿಡಲಿಲ್ಲ. ಇನ್ನೊಂದು ಮಣೆ ಹಾಗೇ ಇತ್ತು.

ನಮ್ಮವರು ಯಾಕೆ ಇಬ್ಬರಿಗೂ ಹೀಗೆ ಸುಳ್ಳು ಹೇಳಿದರು? ಅಮ್ಮನ ಮುಂದೆ ನನ್ನ ಬಗ್ಗೆ ನಾಚಿಕೆಪಟ್ಟರೋ, ನನ್ನ ಮುಂದೆ ಈ ಹೊಗೆ ಹಿಡಿದ ಮನೆಗೆ ನಾಚಿಕೆಪಟ್ಟರೋ? ಕೇಳೋಣವೆಂದರೆ ಹೂವಿನ ಚೌಕ ಹೊದ್ದು ಬೀರುವಿನೊಳಗೆ ಕೂತಿದ್ದಾರೆ. ಅವರ ಮೇಲೆ ಸಿಟ್ಟು ಬರುತ್ತದೆ, ಮರುಕ್ಷಣ ಅಳು ಬರುತ್ತದೆ. ದಿನಾ ಬೆಳಿಗ್ಗೆ ಅತ್ತೆಗೆ ಹೇಳಿಬಿಡಬೇಕೆಂದು ಏಳುತ್ತೇನೆ. ಅಷ್ಟರಲ್ಲಿ ಅತ್ತೆ ಮಗನ ಬಟ್ಟಲಿನ ಮುಚ್ಚಳ ತೆಗೆದು ಬೆರಳಾಡಿಸಿ, "ನೀರು ಕೂತಿದೆ, ಚೆನ್ನಾಗಿದಾನೆ" ಅನ್ನುತ್ತಾರೆ. ಬಿಸಿ ಅನ್ನಕ್ಕೆ ಮುಚ್ಚಿದರೆ ನೀರು ಕೂರದೆ ಇನ್ನೇನು? ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತೇನೆ.

ನೀನಾಗಿದ್ದರೆ ಏನು ಮಾಡುತ್ತಿದ್ದೆ, ಬೇಗ ಬರೆ. ಭಾವನಿಗೆ ನಮಸ್ಕಾರ. ಮೊಮ್ಮಗಳಿಗೆ ಈ ಚಿಕ್ಕಜ್ಜಿಯ ಆಶೀರ್ವಾದ. ಅವಳು ಹೋದಲ್ಲೆಲ್ಲ ಹೊಟ್ಟೆ ತುಂಬಿರಲಿ.

ನಿನ್ನ ತಂಗಿ,
ನೊಬುಎ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಾನು ಹಾಕಿದ ಪತ್ರ ದೇವರ ಗೂಡಿನಲ್ಲಿ ಒಡೆಯದೆ ಇತ್ತು. ಓದಲು ಕಣ್ಣು ಸಾಲದೆ, ಮಗನೇ ಬರೆದಿದ್ದಾನೆಂದು ಅತ್ತೆ ಎತ್ತಿಟ್ಟಿದ್ದರು. ನಿನ್ನೆ ನನ್ನ ಕೈಗೆ ಕೊಟ್ಟು ಓದು ಅಂದರು. ನನ್ನದೇ ಅಕ್ಷರ, ಮೊದಲ ಸಾಲಲ್ಲೇ ಸಾವಿನ ಸುದ್ದಿ. ನಾನು ಓದಿದೆ ಅಕ್ಕ: "ಅಮ್ಮಾ, ಚೆನ್ನಾಗಿದೀನಿ. ಹಿಮ ಕರಗಿದ ಮೇಲೆ ಬರ್ತೀನಿ." ಒಂದೇ ಉಸಿರಿನಲ್ಲಿ, ನಮ್ಮವರಂತೆಯೇ. ಅತ್ತೆಗೆ ಎಷ್ಟು ಸಮಾಧಾನವಾಯಿತೆಂದರೆ, ನಾಳೆಯಿಂದ ಮಗನ ಬಟ್ಟಲಿಗೆ ಬಡಿಸುವ ಕೆಲಸ ನನಗೇ ವಹಿಸಿದ್ದಾರೆ.