ಕಳ್ಳ ಹೊರಗೆ, ಕುರಿ ಒಳಗೆ

ಠಾಣಾಧಿಕಾರಿಗಳ ಸಂಘದ ಮಾನ್ಯ ಅಧ್ಯಕ್ಷರೇ,

ನನ್ನ ಅಕ್ಕ ದೊಡ್ಡಕ್ಕನ ಮಂದೆಯ ಹನ್ನೊಂದು ಕುರಿ, ಒಂದು ಟಗರು ಇಂದಿಗೆ ಹದಿನೇಳು ದಿನದಿಂದ ನಿಮ್ಮ ಸಂಘದ ಸದಸ್ಯರೊಬ್ಬರ ಠಾಣೆಯ ಕಾಂಪೌಂಡಿನಲ್ಲಿ ಬಂಧನದಲ್ಲಿವೆ. ಅವನ್ನು ಕದ್ದವನು ತನ್ನೂರಿನ ಹೋಟೆಲಿನಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದಾನೆ. ನಲವತ್ತು ವರ್ಷ ನಾಟಕ ಆಡಿಸಿದವನು ಸ್ವಾಮಿ, ನಾನು! ರಾಜ ಕಾಡಿಗೂ ಕಳ್ಳ ಸಿಂಹಾಸನಕ್ಕೂ ಹೋಗುವ ದೃಶ್ಯಗಳಿಗೆ ಹಾರ್ಮೋನಿಯಂ ಹಿಡಿದಿದ್ದೇನೆ. ಆದರೆ ಕಳವಾದ ಮಾಲು ಸೆರೆಮನೆ ಸೇರಿ, ಕದ್ದವನು ಬಯಲಲ್ಲಿ ಗಾಳಿ ತೆಗೆದುಕೊಳ್ಳುವ ಕಥೆ ಬರೆಯುವ ಧೈರ್ಯ ನನಗೂ ಬಂದಿರಲಿಲ್ಲ. ನಿಮ್ಮ ಸದಸ್ಯರು ಬರೆದರು. ಚಪ್ಪಾಳೆ!

ನಡೆದದ್ದು ಹೀಗೆ. ಹೊಲಕ್ಕೆ ಗೊಬ್ಬರವಾಗಲೆಂದು ದೊಡ್ಡಕ್ಕ ಕುರಿ ತರುಬಿದ್ದ ಜಾಗ ಒಂದು ಠಾಣೆಯದು. ಕದ್ದ ಕುರಿಗಳನ್ನು ಕೂಡಿಹಾಕಿದ್ದ ರೊಪ್ಪ ಎರಡನೆಯ ಠಾಣೆಯದು. ಕಳ್ಳನ ಮನೆ ಮೂರನೆಯದು. ಯಾವ ಯಾವ ಊರೆಂದು ಹೇಳಲಾರೆ. ನಾನು ರಂಗದ ಮೇಲೆ ಮಾತ್ರ ಶೂರ. ಆ ಕಡೆ ಮೇಯಿಸಲು ಹೋಗಿದ್ದ ನಮ್ಮ ನೆಂಟ ಸಣ್ಣಪ್ಪ ಕುರಿಗಳನ್ನೂ ಅವಕ್ಕೆ ಸೊಪ್ಪು ಹಾಕುತ್ತಿದ್ದ, ತನಗೆ ಗುರುತಿದ್ದ ಆಸಾಮಿಯನ್ನೂ ಕಣ್ಣಾರೆ ಕಂಡು ಓಡಿಬಂದ. ದೊಡ್ಡಕ್ಕ ಮೊದಲನೆಯ ಠಾಣೆಗೆ ಹೋದಳು. "ಅಜ್ಜಿ, ಕುರಿ ಎಲ್ಲಿ ಅವೆಯೋ ಅಲ್ಲಿ ಹೇಳ್ರಿ" ಎಂದರು. ಎರಡನೆಯದಕ್ಕೆ ಹೋದಳು. "ಕಳುವಾದದ್ದು ಎಲ್ಲಿ? ಅಲ್ಲಿಗೇ ಹೋಗ್ರಿ. ಅದಿರಲಿ, ನಿಮ್ಮ ಕುರಿ ಅನ್ನಾಕೆ ದಾಖಲೆ ಏನೈತೆ?"

"ದಾಖಲೆ ಕುರಿ ಕಿವಿಯಾಗೇ ಐತೆ ಸಾಮಿ. ಬಲಗಿವಿ ಸೀಳು, ಎಡಗಿವಿ ತುದಿ ಕೊಯ್ತ. ನಮ್ಮತ್ತೆ ಕಾಲದಿಂದ ನಮ್ಮ ಮನೆ ಗುರುತು ಅದೇಯ."

"ಅದರ ಜೆರಾಕ್ಸ್ ತಂದಿದೀರಾ?"

ಮೂರನೆಯ ಠಾಣೆಯವರು ಮಹಾ ಸಜ್ಜನರು. "ಕುಂತ್ಕಳ್ರಿ ಅಮ್ಮ, ಚಾ ಕುಡೀರಿ. ಕಳ್ಳ ನಮ್ಮವನೇ, ಒಪ್ಪಿದ್ವಿ. ಆದ್ರೆ ಕಳ್ಳತನ ನಮ್ದಲ್ವಲ್ಲ!"

ಇದೇ ಹೊತ್ತಿಗೆ ನಿಮ್ಮ ಸಂಘದಿಂದ ನನಗೆ ಕರೆ ಬಂತು: ಚಿತ್ರದುರ್ಗದಲ್ಲಿ ವಾರ್ಷಿಕೋತ್ಸವ, ಸದಸ್ಯರೇ ನಾಟಕ ಆಡಬೇಕು, ಮೇಷ್ಟ್ರು ಕಲಿಸಬೇಕು. ದೈವಲೀಲೆ ನೋಡಿ, ಆ ಮೂವರು ಅಧಿಕಾರಿಗಳೇ ಮೂವರು ಸಾಮಂತರಾಜರು, ತಾವು ಚಕ್ರವರ್ತಿ! ಬಣ್ಣ ಹಚ್ಚಿದ ತಾಲೀಮಿನ ದಿನ ನಮ್ಮ ತಂಡದ ಕಟ್ಟಳೆಯನ್ನು ನಿಮಗೆಲ್ಲ ಹೇಳಿದ್ದೆ: ಕಿರೀಟ ಇಟ್ಟ ತಲೆ ಮಂಗಳ ಹಾಡುವವರೆಗೂ ರಾಜನ ತಲೆಯೇ, ಆಸ್ಥಾನಕ್ಕೆ ಅರ್ಜಿ ತಂದವರಿಗೆ ತೀರ್ಪು ಹೇಳದೆ ರಾಜ ರಂಗ ಇಳಿಯುವಂತಿಲ್ಲ. ಅವತ್ತೇ, ಅರ್ಜಿ ತರುವ ಮುದುಕಿಯ ಪಾತ್ರದ ಜಯಶೀಲಾ ಹತ್ತಿದ್ದ ಬಸ್ಸು ಹೊಳಲ್ಕೆರೆಯಲ್ಲೇ ಕೆಟ್ಟು ನಿಂತಿತು. ನೋಡಲು ಬಂದಿದ್ದ ದೊಡ್ಡಕ್ಕನನ್ನು ನಾನೇ ಒಳಗೆ ನೂಕಿದೆ. "ಮಹಾಪ್ರಭೂ ಕಾಪಾಡಿ" ಎಂಬ ಒಂದೇ ಮಾತು ಕಲಿಸಿದ್ದೆ. ಉಳಿದದ್ದನ್ನು ಅವಳೇ ಕಟ್ಟಿದಳು.

"ಮಹಾಪ್ರಭೂ ಕಾಪಾಡ್ರಿ! ನನ್ನ ಕುರಿ ಕದ್ದೋನು ಆ ರಾಜನ ಊರಾಗವ್ನೆ, ಕುರಿ ಈ ರಾಜನ ಸೀಮೆಯಾಗವೆ, ಕಳುವಾಗಿದ್ದು ಅಗೋ, ಮೀಸೆ ಜಾರ್ತೈತಲ್ಲ, ಆ ರಾಜನ ಹೊಲದಾಗೆ!"

ಹಾರ್ಮೋನಿಯಂ ನಿಂತಿತು. ಮೀಸೆ ಪೂರಾ ಜಾರಿತು. ಆಗ ತಾವು ಎದ್ದಿರಿ! ಕತ್ತಿ ಹಿರಿದು ಗರ್ಜಿಸಿದಿರಿ: "ಎಲೈ ಸಾಮಂತರಿರಾ! ಒಬ್ಬ ಮುದುಕಿಯನ್ನು ಮೂರು ರಾಜ್ಯ ಸುತ್ತಿಸಿದಿರಾ? ನಾಳೆ ಸೂರ್ಯ ನೆತ್ತಿಗೇರುವುದರೊಳಗೆ ಕುರಿಗಳು ಸಿಗಬೇಕು!" ಇದು ನನ್ನ ಪುಸ್ತಕದಲ್ಲಿ ಇರಲಿಲ್ಲ ಅಧ್ಯಕ್ಷರೇ, ಇದ್ದಿದ್ದರೆ ನಾನು ದೊಡ್ಡ ಕವಿ. ಎರಡನೆಯ ರಾಜ ಕಿರೀಟದ ಕೆಳಗೇ ಮೊಬೈಲ್ ತೂರಿಸಿ, "ಏನಪ್ಪ, ಜೀಪ್ ತಗೊಂಡ್ ಹೋಗು, ಸೀಳುಗಿವಿ ಕುರಿ ನೋಡ್ಕಂಡ್ ಬಾ" ಅಂದರು. ಮರುದಿನ ಮಧ್ಯಾಹ್ನಕ್ಕೆ ಅಷ್ಟೂ ಕುರಿ ಠಾಣೆಯಲ್ಲಿ! ಈ ವಯಸ್ಸಿನಲ್ಲಿ ನಾನು ನಡುಬೀದಿಯಲ್ಲಿ ಕುಣಿದೆ.

ಬಣ್ಣ ತೊಳೆದರು, ಸರಹದ್ದು ನೆನಪಾಯಿತು. ಯಾರಾದರೊಬ್ಬರು ದೂರು ಬರೆದುಕೊಳ್ಳದೆ ಕೋರ್ಟಿಗೆ ಕಾಗದ ಹೋಗುವುದಿಲ್ಲ, ಕೋರ್ಟು ಹೇಳದೆ ಕುರಿ ಬಿಡುವುದಿಲ್ಲ, ಮತ್ತು ಆ ದೂರನ್ನು "ಅವರು ಬರೀಲಿ" ಎಂದು ಮೂವರೂ ಪರಸ್ಪರ ಗೌರವದಿಂದ ಬಿಟ್ಟುಕೊಡುತ್ತಿದ್ದಾರೆ. ಎಂಥ ತ್ಯಾಗ! ಅತ್ತ ಕುರಿಗಳು ಠಾಣೆಯ ಕ್ರೋಟನ್ ಗಿಡ ಮುಗಿಸಿ, ಕಿಟಕಿಯಲ್ಲಿಟ್ಟಿದ್ದ ಸುತ್ತೋಲೆಗಳಿಗೆ ಬಾಯಿ ಹಾಕಿವೆ. ಪಹರೆಯ ಪೇದೆ ನನ್ನ ಕೈ ಹಿಡಿದುಕೊಂಡ.

"ಓಬಯ್ಯನೋರೆ, ನಿಮ್ಮ ಟಗರು ಸಾಹೇಬ್ರಿಗೇ ಗುಮ್ಮಾಕೆ ಬರ್ತೈತೆ. ಕರ್ಕಂಡ್ ಹೋಗ್ರಪ್ಪ."

"ಹಂಗಾದ್ರೆ ಬಿಡ್ರಿ, ಹೋಗಾಣ."

"ಕಾಗದ ಇಲ್ದೆ ಹೆಂಗ್ ಬಿಡ್ಲಿ?"

ನಿನ್ನೆ ಬೆಳಗ್ಗೆ ಅಲ್ಲೇ ಒಂದು ಕುರಿ ಮರಿ ಹಾಕಿತು. ಠಾಣೆಯೊಳಗೆ ಹುಟ್ಟಿದ ಮರಿ ಯಾರ ಸರಹದ್ದಿಗೆ ಸೇರಿದ್ದು? ದಯಮಾಡಿ ಇದಕ್ಕೊಂದು ಉಪಸಮಿತಿ ಮಾಡಿ.

ತಮಗೆ ಫೋನ್ ಮಾಡಿದಾಗ ತಾವು ನಕ್ಕು, "ಸಂಘಕ್ಕೆ ಅಧಿಕಾರ ಇಲ್ಲ ಮೇಷ್ಟ್ರೇ, ನಮ್ದೇನಿದ್ದರೂ ಬರೀ ಪ್ರೀತಿ ವಿಶ್ವಾಸ" ಎಂದಿರಿ. ಹಾಗಾದರೆ ಆ ಪ್ರೀತಿಯನ್ನು ಯಾವ ಹಬ್ಬಕ್ಕೆಂದು ಎತ್ತಿಟ್ಟಿದ್ದೀರಿ? ನೀವು ಹೊಸ ಜೀಪು ಕೇಳಿ, ಒಳ್ಳೆಯ ವಸತಿಗೃಹ ಕೇಳಿ. ಬಿಸಿಲಲ್ಲಿ ಬಂದೋಬಸ್ತು ನಿಲ್ಲುವವರಿಗೆ ಅದು ಸಲ್ಲಬೇಕಾದದ್ದೇ, ನಾನೂ ಸಹಿ ಹಾಕುತ್ತೇನೆ. ಕ್ರಿಕೆಟ್ ಆಡಿ, ಶಾಲು ಹೊದಿಸಿಕೊಳ್ಳಿ, ಭುಜಕ್ಕೆ ಭುಜ ಹಚ್ಚಿ ಫೋಟೊ ತೆಗೆಸಿಕೊಳ್ಳಿ. ಆದರೆ ಒಂದೇ ಫೋಟೊದಲ್ಲಿ ಹಿಡಿಸುವ ಮೂವರು ಒಂದೇ ದೂರಿನಲ್ಲಿ ಯಾಕೆ ಹಿಡಿಸುವುದಿಲ್ಲ? ಎಲ್ಲಿ ನಡೆದ ಅಪರಾಧಕ್ಕೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎಂದು ಆ ಮೂರೂ ಠಾಣೆಗಳ ಗೋಡೆಯ ಮೇಲೆ ಬೋರ್ಡು ತೂಗುತ್ತಿದೆ. ಓದು ಬಾರದ ದೊಡ್ಡಕ್ಕನಿಗೆ ನಾನೇ ಓದಿ ಹೇಳಿದ್ದೇನೆ. ಅಧಿಕಾರವನ್ನು ಸರ್ಕಾರ ಕೊಟ್ಟಾಗಿದೆ. "ಅಣ್ಣ, ಇದು ನಿನ್ನದೋ ನನ್ನದೋ, ಮೊದಲು ಬರಕಳ್ಳಾಣ" ಎಂದು ಫೋನ್ ಎತ್ತುವ ಸಲಿಗೆಯನ್ನು ಸಂಘವಲ್ಲದೆ ಇನ್ಯಾರು ಕೊಡಬೇಕು? ಅದನ್ನು ಬಿಟ್ಟು ಬೇರೇನು ಮಾಡಿದರೂ ಅದು ಸಂಘವಲ್ಲ, ಶಾಮಿಯಾನ.

ನನ್ನ ಬೇಡಿಕೆ ಚಿಕ್ಕದು. ಗುರುವಾರ ಹತ್ತು ಗಂಟೆಗೆ ಆ ಮೂವರನ್ನೂ ಸಂಘದ ಕೊಠಡಿಗೆ ಕರೆಸಿ. ದೊಡ್ಡಕ್ಕನನ್ನು ನಾನು ಕರೆತರುತ್ತೇನೆ. ಒಬ್ಬರು ದೂರು ಬರೆದುಕೊಳ್ಳಲಿ, ಇಬ್ಬರು ನೆರವಾಗಲಿ. ಇನ್ನು ಮುಂದೆ ದೂರು ಮೊದಲು ಯಾರ ಬಾಗಿಲಿಗೆ ಬರುತ್ತದೋ ಅವರೇ ಬರೆಯಬೇಕೆಂದು ಒಂದು ಠರಾವು ಆಗಲಿ. ತಡಮಾಡಬೇಡಿ. ಈ ಕಡೆ ಮೇವು ಮುಗಿದಿದೆ. ಬೇರೆ ಸೀಮೆಗೆ ವಲಸೆ ಹೊರಟಿರುವ ಜೊತೆಯ ಕುರಿಗಾರರು ಭಾನುವಾರದವರೆಗೆ ಮಾತ್ರ ಕಾಯುತ್ತಾರೆ. ಆಮೇಲೆ ದೊಡ್ಡಕ್ಕ ಈ ಹನ್ನೆರಡನ್ನೂ ಮರಿಯನ್ನೂ ಬಿಟ್ಟು ಹೊರಡಬೇಕು, ಇಲ್ಲವೇ ಇವಕ್ಕಾಗಿ ಉಳಿದ ಇಡೀ ಮಂದೆಯನ್ನು ಹಸಿವಿಗೆ ಕೆಡವಬೇಕು. ಎರಡರಲ್ಲಿ ಯಾವುದೆಂದು ಆ ಹೆಂಗಸನ್ನು ಕೇಳುವ ಕೆಲಸ ನನ್ನ ಪಾಲಿಗೆ ಬಾರದಿರಲಿ.

ಇಂತಿ,
ಮೂವರು ರಾಜರಿಗೆ ಮುನ್ನೂರು ಸಾಲು ಬಾಯಿಪಾಠ ಮಾಡಿಸಿಯೂ, ಒಬ್ಬರ ಕೈಯಲ್ಲಿ ಒಂದು ಸಾಲು ಬರೆಸಲಾರದೆ ಸೋತ
ಓಬಯ್ಯ, ನಾಟಕದ ಮೇಷ್ಟ್ರು
ಮದಕರಿಪುರ