ಇಪ್ಪತ್ತೆರಡು ಅಂತಸ್ತಿಗೆ ಒಂದು ಹೆಬ್ಬೆಟ್ಟು

ಬ್ಯಾಡಗಿ
ತಾ. ೩-೯-೨೦೦೭

ತಂಗಿ ಪ್ರೇಮವ್ವಗೆ ಅಣ್ಣ ಅಂದಾನೆಪ್ಪನ ಆಶೀರ್ವಾದ.

ಪಂಚಮಿಗೆ ನಿನ್ನನ್ನು ಕರೆಯಲು ಮೇಡ್ಲೇರಿಗೆ ಬರಲಿಲ್ಲ. ತಪ್ಪು ನನ್ನದೇ. ಮೊಣಕಾಲು ನೋವೆಂದು ಹೇಳಿ ಕಳಿಸಿದ್ದೆ, ಅದು ಸುಳ್ಳು. ಮೊಣಕಾಲು ಗಟ್ಟಿ ಇದೆ. ತಲೆ ಕೆಟ್ಟಿತ್ತು. ನಿನ್ನ ಅತ್ತಿಗೆ ಭರಮವ್ವ ಕಟ್ಟಿದ ಉಂಡಿ ಡಬ್ಬಿಯಲ್ಲೇ ಮುಗ್ಗಾದವು. "ತಂಗೀನ ಕರೀದ ಮನ್ಯಾಗ ಉಂಡಿ ಯಾರಿಗೆ ಬೇಕಾಗ್ಯಾವು? ನೀವ ತಿನ್ರಿ" ಎಂದು ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು.

ತಲೆ ಕೆಡಿಸಿದ್ದು ಯಾವುದೆಂದು ನಿನಗೆ ಗೊತ್ತಿದೆಯೋ ಇಲ್ಲವೋ, ಅದನ್ನು ಕೇಳಲಿಕ್ಕೇ ಈ ಪತ್ರ.

ರಾಣೆಬೆನ್ನೂರಿನ ಹೈವೇ ಬದಿ ಅಪ್ಪನ ನಾಲ್ಕು ಎಕರೆ ಇದೆಯಲ್ಲ, ಅಲ್ಲಿ ಇಪ್ಪತ್ತೆರಡು ಅಂತಸ್ತಿನ ಕಟ್ಟಡ ಏಳುತ್ತದಂತೆ. ಕೆಳಗೆ ದೊಡ್ಡ ಹೋಟೆಲು, ಮೇಲೆ ಸಾಹುಕಾರರ ಮನೆಗಳು, ಎಲ್ಲಕ್ಕೂ ಮೇಲೆ ಮಾಳಿಗೆಯಲ್ಲಿ ಈಜುವ ಹೊಂಡ. ಪಂಚಮಿಗೆ ಎರಡು ದಿನ ಮುಂಚೆ ಕಂಪನಿಯವನು, ಶಶಿಕಾಂತ ಎಂಬವನು, ಆ ಕಟ್ಟಡದ ರಟ್ಟಿನ ಮಾದರಿ ಹೊತ್ತು ತಂದು ನನ್ನ ದಲಾಲಿ ಅಂಗಡಿಯ ಗಾದಿ ಮೇಲೆ ಇಟ್ಟ. ಮೆಣಸಿನಕಾಯಿ ಘಾಟಿಗೆ ಹತ್ತು ಸಲ ಸೀನಿದ. ರಟ್ಟಿನ ಸುತ್ತ ಉಗುರಿನಷ್ಟು ಮನುಷ್ಯರನ್ನು ಅಂಟಿಸಿದ್ದರು. ಅವರಲ್ಲಿ ಧೋತ್ರ ಉಟ್ಟವ ಒಬ್ಬನೂ ಇಲ್ಲ.

"ಇಪ್ಪತ್ತೆರಡನೇ ಮಾಳಿಗಿ ಮ್ಯಾಲೆ ಕುಂತವಗ ಏನ ಕಾಣತೈತಿ?" ಎಂದೆ.

"ತುಂಗಭದ್ರಾ ಕಾಣತೈತ್ರಿ ಯಜಮಾನ್ರ. ಮೇಡ್ಲೇರಿ ತನಕಾ ಕಾಣತೈತಿ."

ನಮ್ಮ ಅಂಗಡಿಯಲ್ಲಿ ತೂಕ ಮಾಡುವ ಕುತುಬುದ್ದೀನ ಸುಮ್ಮನಿರುವ ಗಿರಾಕಿಯೇ? "ಕರೆಂಟ ಹೋದ್ರ ಕೆಳಗ ಇಳಿಯೂದು ಹ್ಯಾಂಗ್ರಿ ಸಾಹೇಬ್ರ? ಮನಿಗೊಂದು ಹಗ್ಗಾ ಕೊಡತೀರೇನು?" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮೇಡ್ಲೇರಿ ಎಂಬ ಹೆಸರು ಇವನ ಬಾಯಿಗೆ ಹೇಗೆ ಬಂತು?

ಮೆಣಸಿನಕಾಯಿ ಚೀಲದ ಬಾಯಿ ಯಾವಾಗಲೂ ಕೆಂಪಗೇ ಇರುತ್ತದೆ. ಅಪ್ಪ ಕಲಿಸಿದ್ದು ನಿನಗೂ ನೆನಪಿರಬೇಕು: ಮೊಣಕೈ ತನಕ ಕೈ ಹಾಕಿ ತಳದ ಕಾಯಿ ತೆಗಿ, ಮುರಿ, ಮೂಸು, ಆಮೇಲೆ ಮಾತಾಡು. ಶಶಿಕಾಂತ ಫೈಲು ಬಿಚ್ಚಿ ಮೊದಲ ಹಾಳೆ ಓದತೊಡಗಿದ. ನಾನು ಕಸಿದುಕೊಂಡು ಕಟ್ಟಕಡೆಯ ಹಾಳೆ ತೆರೆದೆ. ಅಲ್ಲಿ ನಿನ್ನ ಹೆಸರು. ಹೆಸರಿನ ಪಕ್ಕ ನೀಲಿ ಹೆಬ್ಬೆಟ್ಟು.

"ಅಕ್ಕಾರು ಹೊಲಾ ಕೊಡಾಕ ಒಪ್ಪ್ಯಾರ್ರಿ. ನಿಮ್ಮ ಸಹಿ ಒಂದ ಬಾಕಿ."

"ಲೇ ಕಳ್ಳ, ನನ್ನ ತಂಗಿ ಸಹಿ ಮಾಡತಾಳ! ಇದ ಗಾದಿ ಮ್ಯಾಲೆ ಪಾಟಿ ಬಳಪ ಕೊಟ್ಟು ನಾನ ಕಲಿಸೇನಿ. ಇದ್ಯಾರ ಹೆಬ್ಬೆಟ್ಟು? ನಿಮ್ಮವ್ವಂದೇನು?"

"ನಾನೂ ಪೆನ್ನ ಕೊಟ್ಟೇರಿ. 'ಸಹಿ ಬರತೈತಿ, ಆದ್ರ ನಮ್ಮಣ್ಣಗ ನನ್ನ ಹೆಬ್ಬೆಟ್ಟಿನ ಮ್ಯಾಲೇ ನಂಬಿಗಿ ಭಾಳ' ಅಂದ್ರು. ಒತ್ತಿದ್ರು."

ರಟ್ಟಿನ ಸಮೇತ ಅವನನ್ನು ಹೊರಗೆ ಹಾಕಿದೆ. ಈಜುವ ಹೊಂಡ ಕಿತ್ತು ಮೆಣಸಿನಕಾಯಿ ರಾಶಿಯಲ್ಲಿ ಬಿತ್ತು.

ಈಗ ನೆಟ್ಟಗೆ ಕೇಳುತ್ತೇನೆ. ಆ ಹೆಬ್ಬೆಟ್ಟು ನಿನ್ನದೋ, ಅವರು ಹುಟ್ಟಿಸಿದ್ದೋ? ಪಹಣಿಯಲ್ಲಿ ಗಂಡುಮಗನೆಂದು ನನ್ನ ಹೆಸರೊಂದೇ ಇರುವಾಗ ನಿನ್ನ ಮನೆ ದಾರಿ ಅವರಿಗೆ ತೋರಿಸಿದವರು ಯಾರು? ನಿನ್ನ ಗಂಡ ಮಲ್ಲೇಶಪ್ಪನ ಮೇಲೆ ನನಗೆ ಅನುಮಾನ. ಕುತುಬುದ್ದೀನನ ಮೇಲೂ ಇತ್ತು. ಕೇಳಿಯೇಬಿಟ್ಟೆ. "ಮೂವತ್ತು ವರ್ಷ ನಿಮ್ಮ ತಕ್ಕಡಿ ಹಿಡದೇನ್ರಿ ಅಣ್ಣಾರ. ಇವತ್ತ ಮುಳ್ಳು ನಿಮ್ಮ ಕಡೇನ ವಾಲಾಕತ್ತೈತಿ" ಎಂದು ಟವೆಲು ಕೊಡವಿ ಎದ್ದು ಹೋದ. ಎರಡು ದಿನ ಕೆಲಸಕ್ಕೆ ಬರಲಿಲ್ಲ.

ಅನುಮಾನ ಬೇರೆ, ಮರ್ಯಾದೆ ಬೇರೆ. ಮಲ್ಲೇಶಪ್ಪನಿಗೆ ನನ್ನ ಶರಣು ಹೇಳು. ಮೈಲಾರಲಿಂಗ ನಿನ್ನ ಮುತ್ತೈದೆತನ ಕಾಯಲಿ.

ನಿನ್ನ ಅಣ್ಣ
ಅಂದಾನೆಪ್ಪ

ತಾ.ಕ.: ಮೇಲಿನದನ್ನು ಬರೆದು ಮೂರು ದಿನ ಅಂಚೆಗೆ ಹಾಕದೆ ಇಟ್ಟುಕೊಂಡೆ.

ಹೆಬ್ಬೆಟ್ಟು ನಿನ್ನದೇ. ನಿನ್ನ ಮಾತು ಅವನ ಬಾಯಲ್ಲಿ ಕೇಳಿದಾಗಲೇ ಗೊತ್ತಾಯಿತು. ಅಪ್ಪ ತೀರಿದ ಹದಿನಾಲ್ಕನೇ ದಿನ, ಪಂಪಿನ ಮೀಟರು ನನ್ನ ಹೆಸರಿಗೆ ಮಾಡಿಸಬೇಕು ಎಂದು ನಿನ್ನಿಂದ ಒತ್ತಿಸಿಕೊಂಡೆನಲ್ಲ, ಅದು ಮೀಟರಿನ ಕಾಗದ ಅಲ್ಲ. ಹೊಲದಲ್ಲಿ ನಿನಗೆ ಪಾಲು ಬೇಡವೆಂಬ ಕಾಗದ. "ಪೆನ್ನ ಕೊಡಣ್ಣ, ಸಹಿ ಮಾಡತೀನಿ" ಎಂದು ನೀನು ಕೈ ಚಾಚಿದ್ದೆ. ಪೆನ್ನು ಕೊಟ್ಟರೆ ಕುಳಿತು ಓದುತ್ತೀಯೆಂದು ಹೆದರಿ, ನಾನೇ ನಿನ್ನ ಬೆರಳು ಹಿಡಿದು ಮಸಿಗೆ ಅದ್ದಿದೆ. ನಿನಗೆ ಇದು ಯಾವಾಗ ತಿಳಿಯಿತೋ ನಾನು ಕೇಳುವುದಿಲ್ಲ.

ಅದನ್ನು ರಿಜಿಸ್ಟರ್ ಮಾಡಿಸಲು ನನಗೆ ಧೈರ್ಯ ಬರಲಿಲ್ಲ. ಹದಿನೇಳು ವರ್ಷ ಟ್ರಂಕಿನ ತಳದಲ್ಲಿತ್ತು. ಇದರ ಜೊತೆ ಕಳಿಸಿದ್ದೇನೆ. ಓದಿ ಹರಿ. ಇಲ್ಲವೇ ನಾಲ್ಕು ಮಂದಿಗೆ ತೋರಿಸು.

ಸೋಮವಾರ ಕರೆಯಲು ಬರುತ್ತೇನೆ. ಪಂಚಮಿ ಮುಗಿದರೆ ಮುಗಿಯಲಿ, ಭರಮವ್ವ ಮತ್ತೆ ಉಂಡಿ ಕಟ್ಟುತ್ತಿದ್ದಾಳೆ. ಅಲ್ಲಿ ಕಟ್ಟಡ ಏಳಬೇಕೋ ಜೋಳ ಏಳಬೇಕೋ, ನೀನು ಹೇಳಿದಂತೆ. ಆ ಸೀನುವವನಿಗೂ ಬಾ ಎಂದು ಹೇಳಿದ್ದೇನೆ. ಈ ಸಲ ಗಾದಿ ಮೇಲೆ ನೀನು ಕೂಡು. ಕಡೆಯ ಹಾಳೆಯವರೆಗೆ ಓದು. ಓದಿ ಮುಗಿಯುವ ತನಕ ನಾನು ನಿಂತಿರುತ್ತೇನೆ. ಮೊಣಕಾಲು ಗಟ್ಟಿ ಇದೆ.