ದೊಡ್ಡಪ್ಪನ ಪಾಲಿನ ವೈನ್

ದೊಡ್ಡವ್ವಾ,

ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಅದಕ್ಕೇ ಫ್ರಾನ್ಸಿನ ಬೋರ್ಡೋದಿಂದ ಈ ಕಾರ್ಡು. ತೋಟದ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಸುವಾಗೆಲ್ಲ ದೊಡ್ಡಪ್ಪ, "ಆ ಊರಿನ ವೈನ್ ಒಮ್ಮೆ ಕುಡಿಯೊಕು" ಎನ್ನುತ್ತಿದ್ದರಲ್ಲ, ನಿನ್ನೆ ಇಲ್ಲಿ ವೈನ್ ಮಾಡುವವರ ಮನೆಯಲ್ಲೇ ಅದನ್ನು ಕುಡಿದೆ. ಒಂದು ದ್ರಾಕ್ಷಿಯದು ನಾಲಿಗೆ ಹಿಡಿಯುವಷ್ಟು ಒಗರು, ಇನ್ನೊಂದರದು ಬರೀ ಮೆತ್ತಗೆ. ಎರಡನ್ನೂ ಬೆರೆಸಿದ್ದು ಮಾತ್ರ ಹದವಾಗಿತ್ತು. ಹುಳಿ, ಒಗರು, ಹಣ್ಣಿನ ರುಚಿ ಯಾವುದೂ ಇನ್ನೊಂದನ್ನು ತುಳಿಯುವುದಿಲ್ಲ, ನಮ್ಮ ಅರೇಬಿಕಾ ಕಾಫಿಗೆ ಅಳತೆ ನೋಡಿ ರೋಬಸ್ಟಾ ಸೇರಿಸಿದ ಹಾಗೆ. ನನ್ನ ಜೊತೆ ಬಂದಿರುವ ಮಿಲನ್‌ಗೆ ಶೀತದಿಂದ ಮೂಗು ಕಟ್ಟಿ ರುಚಿ ಏನೂ ತಿಳಿಯಲಿಲ್ಲ. ನಾನು ಚೆನ್ನಾಗಿದ್ದೇನೆ.

ಇಲ್ಲಿ ರುಚಿ ನೋಡಿದ ಮೇಲೆ, ಅಮಲೇರಬಾರದೆಂದು ಎಲ್ಲರೂ ಬಕೆಟ್ಟಿಗೆ ಉಗುಳುತ್ತಾರೆ! ನಾನು ಉಗುಳಲಿಲ್ಲ. ಮನೆಯಲ್ಲಿ ಹಿರಿಯರಿಗೆ ಕೊಡುವ ಹಾಗೆ ಬೆರಳದ್ದಿ, ಮೂರು ಹನಿ ನೆಲಕ್ಕೆ ಚಿಮುಕಿಸಿ ಉಳಿದದ್ದನ್ನು ಕುಡಿದೆ. ವೈನ್ ಮಾಡುವ ಮುದುಕ ನೆಲ ನೋಡಿ, ಏಕೆಂದು ಕೇಳಿದ. ಇದಕ್ಕೆ ಆಸೆಪಟ್ಟೇ ತೀರಿಹೋದ ನಮ್ಮ ದೊಡ್ಡಪ್ಪನ ಪಾಲು ಎಂದೆ. ಅವನು ಬಾಟಲಿ ಬಗ್ಗಿಸಿ ಅದೇ ಜಾಗಕ್ಕೆ ಧಾರಾಳವಾಗಿ ಸುರಿದ.

"ಅಷ್ಟು ಆಸೆಪಟ್ಟವರಿಗೆ ಮೂರೇ ಹನಿಯಾ?"

ಬಸ್ಸು ಬಂತು.
ಅಶ್ವಿತಾ